ಜ್ವರ ಬಂದರೂ ಹಸಿರು ದೀಪ ಆರಬಾರದಾ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು. ವಯಸ್ಸು 32. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರ್‌ನ ದೋಷ ಹುಡುಕುವ ಕೆಲಸ. ಕೊರೊನಾ ಕಾಲದಲ್ಲಿ ಊರಿಗೆ ಬಂದವಳು ಈಗಲೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಲೆಟರ್‌ನಲ್ಲಿ ‘ಫ್ಲೆಕ್ಸಿಬಲ್ ಟೈಮಿಂಗ್’ ಅಂತಿದೆ. ಆದರೆ ಬೆಳಿಗ್ಗೆ 9ಕ್ಕೆ ಟೀಮ್ಸ್ ಅನ್ನುವ ಆಫೀಸ್ ಚಾಟ್ ಆ್ಯಪ್‌ನಲ್ಲಿ ನನ್ನ ಹೆಸರಿನ ಮುಂದೆ, ಆನ್‌ಲೈನ್ ಇದ್ದೇನೆ ಅಂತ ತೋರಿಸುವ ಹಸಿರು ದೀಪ ಕಾಣಬೇಕು. ವಾರದಲ್ಲಿ ಮೂರು ದಿನ ರಾತ್ರಿ 9:30ಕ್ಕೆ ಅಮೆರಿಕದವರ ಜೊತೆ ಕಾಲ್. ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಬಂದಾಗ ರಜೆ ಹಾಕಿದ್ದು ಎರಡೇ ದಿನ. ‘ಮನೆಯಲ್ಲೇ ಇದ್ದೀರಲ್ಲ, ಮಲಗಿಕೊಂಡೇ ಸ್ವಲ್ಪ ನೋಡ್ಕೊಳ್ಳಿ’ ಅಂದರು ಮ್ಯಾನೇಜರ್. ಇತ್ತ ಅತ್ತೆ ‘ದಿನಾ ಮನ್ಯಾಗ ಇರ್ತಿ, ನಾಕ್ ರೊಟ್ಟಿ ಬಡಿಯಾಕ ಏನಾಗೇತಿ’ ಅಂತಾರೆ. ರಜೆ ಕೇಳಿದರೆ ಬೆಂಗಳೂರಿಗೆ ವಾಪಸ್ ಬಾ ಅಂತಾರೇನೋ ಅನ್ನುವ ಹೆದರಿಕೆ. ನನ್ನದೇ ತಪ್ಪಾ ಮೇಡಂ? ಕೆಲಸ ಬಿಟ್ಟುಬಿಡಲಾ?

ಉತ್ತರ: ಮೊದಲು ಡೆಂಗ್ಯೂ ವಿಷಯ. ನಾನು ಡಾಕ್ಟರ್ ಅಲ್ಲ, ಕಂಪನಿಗಳ ಎಚ್‌ಆರ್ ಕೆಲಸ ನೋಡಿಕೊಂಡು ಬಂದವಳು. ಆದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ಡೆಂಗ್ಯೂದಲ್ಲಿ ಜಾಸ್ತಿ ಅಪಾಯ ಇರುವುದು ಜ್ವರ ಏರಿದಾಗ ಅಲ್ಲ, ಇಳಿಯುವಾಗ. ಜ್ವರ ಶುರುವಾದ ಮೂರರಿಂದ ಏಳು ದಿನದೊಳಗೆ ಮೈ ತಣ್ಣಗಾಗುತ್ತದೆ. ಅಲ್ಲಿಂದ 24ರಿಂದ 48 ತಾಸು ರೋಗಿಯ ಮೇಲೆ ಕಣ್ಣಿಟ್ಟಿರಬೇಕು ಅನ್ನುತ್ತಾರೆ ಡಾಕ್ಟರು. ಜೋರು ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಮನೆಯಿಂದ ಕೆಲಸ ಮಾಡುವವರು ‘ಜ್ವರ ಬಿಡ್ತು, ಇನ್ನು ಲಾಗಿನ್ ಆಗ್ತೀನಿ’ ಅಂತ ಲ್ಯಾಪ್‌ಟಾಪ್ ತೆಗೆಯುವುದು ಸರಿಯಾಗಿ ಅದೇ ಹೊತ್ತಿಗೆ. ನೀವು ಹುಷಾರಾಗಿ ಎದ್ದಿರಿ, ಸಂತೋಷ. ಇನ್ನೊಮ್ಮೆ ಹೀಗೆ ಮಾಡಬೇಡಿ. ಯಾವ ಸಾಫ್ಟ್‌ವೇರ್ ರಿಲೀಸ್‌ಗೂ ಅಷ್ಟು ಬೆಲೆ ಇಲ್ಲ.

ಇನ್ನು ತಪ್ಪಿನ ಮಾತು. ನಿಮ್ಮಂಥವರು ಬಹಳ ಜನ ಇದ್ದಾರೆ. ವಿಜಯಪುರ, ಜಮಖಂಡಿ, ಗೋಕಾಕ, ಅಥಣಿ ಅಂತ ಊರೂರಲ್ಲಿ ಬೆಂಗಳೂರು, ಪುಣೆ ಕಂಪನಿಗಳಿಗೆ ಮನೆಯಿಂದಲೇ ದುಡಿಯುವವರು ಸಿಗುತ್ತಾರೆ. ಅವರು ಹೇಳುವ ಕಥೆಯೂ ಇದೇ. ಸಮಯ ನಿಮ್ಮ ಕೈಯಲ್ಲಿ ಅಂತ ಕಾಗದದಲ್ಲಿರುತ್ತದೆ. ದಿನ ಮಾತ್ರ ಬೆಳಿಗ್ಗೆ ಶುರುವಾಗಿದ್ದು ಮುಗಿಯುವುದೇ ಇಲ್ಲ. ಇದು ಒಬ್ಬರ ಸ್ವಭಾವದ ದೋಷ ಆಗಿದ್ದರೆ ಇಷ್ಟು ಜನರಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಇದರ ಬಗ್ಗೆ ಒಂದು ಹೆಸರಾಂತ ಪ್ರಯೋಗ ಇದೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಸಿಟ್ರಿಪ್ ಅನ್ನುವ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಮಾಡಿದ್ದು. 2010ರ ಕೊನೆಗೆ ಶುರುವಾಗಿ ಒಂಬತ್ತು ತಿಂಗಳು ನಡೆಯಿತು. ಕೆಲವರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿಯಲು ಬಿಟ್ಟರು, ಉಳಿದವರು ಆಫೀಸಿನಲ್ಲೇ ಇದ್ದರು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಾಯಿತು. ಮನೆಯಿಂದ ಕೆಲಸ ಒಳ್ಳೆಯದು ಅನ್ನುವುದಕ್ಕೆ ಎಲ್ಲರೂ ಈ ಅಂಕಿಯನ್ನೇ ತೋರಿಸುತ್ತಾರೆ. ಅದರ ಒಳಗೆ ಏನಿತ್ತು ಅಂತ ನೋಡುವವರು ಕಡಿಮೆ. ಆ 13ರಲ್ಲಿ 9ರಷ್ಟು ಬಂದಿದ್ದು ಅವರು ಜಾಸ್ತಿ ಹೊತ್ತು ಕೆಲಸದ ಮುಂದೆ ಕೂತಿದ್ದರಿಂದ. ಅಂದರೆ ವಿರಾಮ ಕಡಿಮೆ, ಕಾಯಿಲೆ ರಜೆ ಕಡಿಮೆ. ಮನೆಯಲ್ಲಿ ನೆಮ್ಮದಿಯಾಗಿ, ಚುರುಕಾಗಿ ಕೆಲಸ ಮಾಡಿದ್ದರಿಂದ ಬಂದಿದ್ದು ಉಳಿದ 4 ಮಾತ್ರ. ಇನ್ನೊಂದು ಸಂಗತಿ ಕೇಳಿ. ಮಾಡಿದ ಕೆಲಸಕ್ಕೆ ಹೋಲಿಸಿದರೆ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು. ಕಣ್ಣಿಗೆ ಬೀಳದವರು ನೆನಪಿಗೂ ಬರಲಿಲ್ಲ.

ಹಾಗಾಗಿ ನಿಮ್ಮ ಹೆದರಿಕೆ ಸುಳ್ಳಲ್ಲ. ದೂರ ಇರುವವರನ್ನು ಮರೆಯುತ್ತಾರೆ ಅನ್ನುವುದು ನಿಜ. ಆದರೆ ನೆನಪಿನಲ್ಲಿ ಉಳಿಯಲು ನೀವು ಹಿಡಿದ ದಾರಿ ಬೇರೆ ಆಗಬೇಕಿತ್ತು. ನನ್ನ ಇಡೀ ಉತ್ತರ ಇರುವುದು ಇಲ್ಲೇ. ನಿಮ್ಮ ಮ್ಯಾನೇಜರ್‌ಗೆ ನೋಡಲು ಬೇರೆ ಏನೂ ಸಿಗದಿದ್ದರೆ ಅವರು ದೀಪವನ್ನೇ ನೋಡುತ್ತಾರೆ. ಬೇರೆ ಏನನ್ನಾದರೂ ನೋಡಲು ನೀವೇ ಕೊಡಬೇಕು.

ಮ್ಯಾನೇಜರ್‌ಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಕಾಣುವುದಿಲ್ಲ, ಅದೇ ತೊಂದರೆ. 2022ರಲ್ಲಿ ಮೈಕ್ರೋಸಾಫ್ಟ್ ಹನ್ನೊಂದು ದೇಶಗಳಲ್ಲಿ 20,000 ಜನರನ್ನು ಕೇಳಿತ್ತು. ಕೆಲಸಗಾರರಲ್ಲಿ ಶೇ 87 ಜನ ‘ನಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ’ ಅಂದರು. ಮೇಲಿನವರಲ್ಲಿ ಶೇ 85 ಜನ ‘ಮನೆ, ಆಫೀಸು ಎರಡೂ ಕಡೆಯಿಂದ ಕೆಲಸ ಶುರುವಾದ ಮೇಲೆ ಅದನ್ನು ನಂಬುವುದು ಕಷ್ಟ ಆಗಿದೆ’ ಅಂದರು. ಕೆಲಸ ಅಳೆಯಲು ಗೊತ್ತಾಗದವರು ಹೊತ್ತು ಅಳೆಯುತ್ತಾರೆ. ಅದನ್ನಾದರೂ ಸರಿಯಾಗಿ ಅಳೆಯುತ್ತಾರಾ ಅಂದರೆ ಅದೂ ಇಲ್ಲ. ಎರಿನ್ ರೀಡ್ ಅನ್ನುವ ಸಂಶೋಧಕಿ ಅಮೆರಿಕದ ಒಂದು ಸಲಹಾ ಕಂಪನಿಯನ್ನು ಅಧ್ಯಯನ ಮಾಡಿ 2015ರಲ್ಲಿ ಬರೆದರು. ವಾರಕ್ಕೆ 80 ತಾಸು ನಿಜವಾಗಿ ದುಡಿದವರು ಯಾರು, ಹಾಗೆ ತೋರಿಸಿಕೊಂಡವರು ಯಾರು ಅಂತ ಅಲ್ಲಿನ ಮ್ಯಾನೇಜರ್‌ಗಳಿಗೆ ಗೊತ್ತೇ ಆಗಿರಲಿಲ್ಲ.

ನಮ್ಮ ಜಿಲ್ಲೆಗೆ ಮನೆಯಿಂದ ಕೆಲಸ ಹೊಸದೇನಲ್ಲ. ಇಳಕಲ್‌ನಲ್ಲಿ, ಗುಳೇದಗುಡ್ಡದಲ್ಲಿ, ರಬಕವಿ-ಬನಹಟ್ಟಿಯಲ್ಲಿ ತಲೆತಲಾಂತರದಿಂದ ಮನೆಯೇ ಕಾರ್ಖಾನೆ. ಮಗ್ಗ ಇರುವ ಕೋಣೆ ಒಂದು ಕಡೆ, ಒಲೆ ಇನ್ನೊಂದು ಕಡೆ. ನೂಲು ಕೊಟ್ಟ ಸಾಹುಕಾರರು ನೇಕಾರರನ್ನು ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತಿಗೆ ಕೂತೆ ಅಂತ ಕೇಳುವುದಿಲ್ಲ. ಸೀರೆ ಆಯಿತಾ, ಕಣ (ರವಿಕೆ ಬಟ್ಟೆ) ಎಷ್ಟಾಯಿತು, ಅಂಚು ಸರಿ ಬಂತಾ ಅಂತ ಕೇಳುತ್ತಾರೆ. ಸೀರೆಗಿಷ್ಟು ಅಂತ ಮಜೂರಿ. ಸಮಯದ ಸ್ವಾತಂತ್ರ್ಯ ಅಂದರೆ ಒಂದು ಅರ್ಥದಲ್ಲಿ ಇದೇ. ಆದರೆ ಇದರ ಇನ್ನೊಂದು ಮುಖವೂ ನಿಮಗೆ ಗೊತ್ತಿರುತ್ತದೆ. ನೇಕಾರರು ಮಲಗಿದ ದಿನ ಮಜೂರಿ ಇಲ್ಲ. ಅದಕ್ಕೇ ಮೈ ಕಾದರೂ ಮಗ್ಗಕ್ಕೆ ಇಳಿಯುತ್ತಾರೆ. ನಿಮಗೆ ಸಂಬಳ ಇದೆ, ರಜೆಯ ಹಕ್ಕು ಇದೆ. ಅಷ್ಟಿದ್ದೂ ಜ್ವರದ ದಿನ ನೀವು ನೇಕಾರರಂತೆ ದುಡಿಯುತ್ತೀರಿ. ಮಾಡಿದ ಕೆಲಸ ನೋಡಿ ಲೆಕ್ಕ ಹಾಕುವ ಅನುಕೂಲ ಮಾತ್ರ ನಿಮಗೆ ಸಿಕ್ಕಿಲ್ಲ. ಎರಡು ಪದ್ಧತಿಗಳ ಕಷ್ಟವೂ ನಿಮ್ಮ ತಲೆಯ ಮೇಲೇ ಬಿದ್ದಿದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಸಮಯ ನಮ್ಮ ಕೈಯಲ್ಲಿದ್ದರೆ ಜನ ಯಾಕೆ ಜಾಸ್ತಿ ದುಡಿಯುತ್ತಾರೆ? ಬ್ರಿಟನ್ನಿನ ಸಂಶೋಧಕಿ ಹೀಜುಂಗ್ ಚುಂಗ್ ಈ ಪ್ರಶ್ನೆಯನ್ನು ಹಲವು ವರ್ಷ ಬೆನ್ನು ಹತ್ತಿದ್ದಾರೆ. ಕೆಲಸದ ಹೊತ್ತನ್ನು ತಾವೇ ಆರಿಸಿಕೊಳ್ಳಬಹುದಾದವರು ಕಡಿಮೆ ಅಲ್ಲ, ಹೆಚ್ಚು ದುಡಿಯುತ್ತಾರೆ ಅನ್ನುವುದು ಅವರಿಗೆ ಮತ್ತೆ ಮತ್ತೆ ಕಂಡಿದೆ. ಕಂಪನಿ ನಮಗೆ ಉಪಕಾರ ಮಾಡಿದೆ, ಅದನ್ನು ತೀರಿಸಬೇಕು ಅನ್ನುವ ಭಾರ ಒಂದು ಕಾರಣ. ನಮ್ಮ ಕಡೆ ಈ ಭಾರ ಇನ್ನೂ ಜಾಸ್ತಿ. ನವನಗರದಲ್ಲಿ ಕೂತು ಬೆಂಗಳೂರಿನ ಸಂಬಳ ಬರುತ್ತದೆ. ಬಾಡಿಗೆ ಇಲ್ಲ, ಅತ್ತೆ-ಮಾವ ಹತ್ತಿರ ಇದ್ದಾರೆ. ಈ ಕೆಲಸ ಹೋದರೆ ಬಾಗಲಕೋಟೆಯಲ್ಲಿ ಇಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಹೀಗಿರುವಾಗ ರಜೆ ಕೇಳಲು ನಾಲಿಗೆ ಏಳುವುದಿಲ್ಲ. ಹೆಸ್ಕಾಂನವರು ಕರೆಂಟ್ ತೆಗೆದರೂ ನಮ್ಮದೇ ತಪ್ಪು ಅನ್ನುವಂತೆ ಓಡಾಡುತ್ತೇವೆ. ಮೊಬೈಲ್ ಹಾಟ್‌ಸ್ಪಾಟ್ ಹಾಕು, ಯುಪಿಎಸ್ ನೋಡು, ದೀಪ ಹಳದಿಗೆ ತಿರುಗುವುದರೊಳಗೆ ಮೌಸ್ ಅಲ್ಲಾಡಿಸು.

ಇಲ್ಲಿ ಒಂದು ಮಾತು. ಮೌಸ್ ತಾನಾಗಿ ಅಲ್ಲಾಡುವಂತೆ ಮಾಡುವ ಚಿಕ್ಕ ಸಾಧನಗಳು, ಆ್ಯಪ್‌ಗಳು ಸಿಗುತ್ತವೆ. ದಯವಿಟ್ಟು ಆ ಕಡೆ ಹೋಗಬೇಡಿ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಕೀಬೋರ್ಡ್ ಓಡುತ್ತಿರುವಂತೆ ತೋರಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಸಿಕ್ಕಿಬಿದ್ದ ಮೇಲೆ ‘ಕೆಲಸ ಎಲ್ಲ ಮುಗಿಸಿದ್ದೆ’ ಅಂದರೆ ಯಾರೂ ಕೇಳುವುದಿಲ್ಲ.

ಹುಷಾರಿಲ್ಲದಾಗ ದುಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಬ್ರಿಟನ್ನಿನಲ್ಲಿ ಸರ್ಕಾರಿ ಕಚೇರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನದಿಂದ 2005ರಲ್ಲಿ ಒಂದು ವರದಿ ಬಂತು. ಅದು ಗಂಡಸರ ಲೆಕ್ಕ. ಆರೋಗ್ಯ ಚೆನ್ನಾಗಿಲ್ಲದಿದ್ದರೂ ಮೂರು ವರ್ಷ ಒಂದೂ ಕಾಯಿಲೆ ರಜೆ ಹಾಕದವರನ್ನು, ಅಂಥದ್ದೇ ಆರೋಗ್ಯ ಇದ್ದು ಹದವಾಗಿ ರಜೆ ತೆಗೆದುಕೊಂಡವರ ಜೊತೆ ಹೋಲಿಸಿದರು. ರಜೆ ಹಾಕದವರಲ್ಲಿ ಗಂಭೀರ ಹೃದಯದ ತೊಂದರೆ ಎರಡು ಪಟ್ಟು ಕಂಡಿತು. ಇವರು ಗಣಿಯಲ್ಲಿ ದುಡಿದವರಲ್ಲ, ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರು. ‘ಕೂತು ಮಾಡೋ ಕೆಲಸ ತಾನೇ’ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸ್ವೀಡನ್ನಿನಲ್ಲೂ ಕಂಡಿದ್ದು ಇಂಥದ್ದೇ. ಕಾಯಿಲೆಯಲ್ಲಿ ಪದೇ ಪದೇ ಕೆಲಸಕ್ಕೆ ಬಂದವರು ಮುಂದಿನ ವರ್ಷಗಳಲ್ಲಿ ದೀರ್ಘ ರಜೆ ಹಾಕುವುದು ಜಾಸ್ತಿ ಇತ್ತು.

ನಿಮ್ಮ ದಿನ ಬೆಳಿಗ್ಗೆ 9ಕ್ಕೆ ಶುರುವಾಗಿ ಕಾಲ್ ಇರುವ ರಾತ್ರಿ 10:30 ದಾಟುತ್ತದೆ ಅಂತ ಕಾಣುತ್ತದೆ. ಅಷ್ಟೂ ಹೊತ್ತು ನೀವು ಕೆಲಸ ಮಾಡದೇ ಇರಬಹುದು. ಆದರೆ ಅಷ್ಟೂ ಹೊತ್ತು ಕಾಯುತ್ತಿರುತ್ತೀರಿ. ಇದರಿಂದ ಕಂಪನಿಗಾದರೂ ಲಾಭ ಇದೆಯಾ? ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಲೆಕ್ಕಗಳನ್ನು ಜಾನ್ ಪೆನ್‌ಕಾವೆಲ್ ಅನ್ನುವ ಅರ್ಥಶಾಸ್ತ್ರಜ್ಞ 2014ರಲ್ಲಿ ಮತ್ತೆ ತೆಗೆದು ನೋಡಿದರು. ವಾರಕ್ಕೆ ಸುಮಾರು 50 ತಾಸು ದಾಟಿದ ಮೇಲೆ ತಾಸಿಗೆ ಆಗುವ ಕೆಲಸ ಇಳಿಯತೊಡಗಿತ್ತು. 70 ತಾಸು ದುಡಿಸಿದಾಗ ಆದ ಕೆಲಸ 56 ತಾಸಿನಲ್ಲಿ ಆದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದಾಗ ನನಗೆ ನೆನಪಾಗಿದ್ದು ಈ ಲೆಕ್ಕ. ಅವರ ಮೇಲೆ ಗೌರವ ಇಟ್ಟುಕೊಂಡೇ ನಾನು ಆ ಮಾತನ್ನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದನ್ನೂ ಪಕ್ಕದಲ್ಲಿಟ್ಟು ನೋಡಿ. ವಾರಕ್ಕೆ 35-40 ತಾಸು ದುಡಿಯುವವರಿಗಿಂತ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ನಿಮ್ಮ ಕಡೆ ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಮಾತಾಡಲು ಧೈರ್ಯ ಬರುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಅನ್ನುವ ಮಿತಿ ಇದೆ. ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ. ಐದು ತಾಸಿಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿಲ್ಲ, ನಡುವೆ ಒಂದು ತಾಸು ಬಿಡುವು ಕೊಡಬೇಕು. ಕಾಯಿಲೆಗೋ ಬೇರೆ ಸರಿಯಾದ ಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ. ಗಳಿಕೆ ರಜೆ ಇದಕ್ಕೆ ಸೇರಿಲ್ಲ, ಅದು ಬೇರೆ. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಟೆಸ್ಟಿಂಗ್ ಮಾಡುವ ನಿಮ್ಮ ಕೆಲಸ ಅದಲ್ಲ. ಹಾಗಾಗಿ ಡೆಂಗ್ಯೂ ಬಂದಾಗ ನೀವು ಕೇಳಬೇಕಿದ್ದದ್ದು ದಯೆ ಅಲ್ಲ, ನಿಮ್ಮ ಲೆಕ್ಕದಲ್ಲಿ ಇದ್ದ ರಜೆ. ಇದನ್ನು ಓದುತ್ತಿರುವವರಲ್ಲಿ ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವ ಡೇಟಾ ಎಂಟ್ರಿ, ಕಾಲ್ ಸೆಂಟರ್ ಹುಡುಗರು ಇದ್ದರೆ ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿದ್ದರೆ, ಬೇಕಾದಷ್ಟು ದಿನದ ವಂತಿಗೆ ತುಂಬಿದ್ದರೆ, ಕಾಯಿಲೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ.

ಕಾನೂನಿನ ಪ್ರತಿ ಹಿಡಿದು ಮ್ಯಾನೇಜರ್ ಹತ್ತಿರ ಹೋಗಬೇಡಿ. ಅದು ಮನಸ್ಸಿನಲ್ಲಿರಲಿ. ಮೊದಲು ಒಂದು ಸಣ್ಣ ಮೇಲ್ ಬರೆಯಿರಿ. ಅದರಲ್ಲಿ ದೂರು ಇರಬಾರದು, ನಿಮ್ಮ ವೇಳೆ ಇರಬೇಕು. ಹೀಗೆ: ‘ಅಮೆರಿಕದ ಕಾಲ್ ಇರುವ ದಿನ ನಾನು ಮಧ್ಯಾಹ್ನ 12ರಿಂದ 5, ರಾತ್ರಿ 7:30ರಿಂದ 10:30 ಕೆಲಸದಲ್ಲಿ ಇರುತ್ತೇನೆ. ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 6. ಇದರ ಹೊರಗೆ ತುರ್ತು ಇದ್ದರೆ ಫೋನ್ ಮಾಡಿ, ಚಾಟ್ ನೋಡಿರುವುದಿಲ್ಲ. ಒಂದು ತಿಂಗಳು ಹೀಗೆ ನಡೆಸಿ ನೋಡೋಣವೇ?’ ಕೊನೆಯ ಸಾಲು ಮುಖ್ಯ. ಒಂದು ತಿಂಗಳ ಮಟ್ಟಿಗೆ ಅಂದರೆ ‘ಇಲ್ಲ’ ಅನ್ನುವುದು ಕಷ್ಟ. ಫೋನ್ ಮಾಡಿ ಅನ್ನುವುದನ್ನೂ ಬಿಡಬೇಡಿ. ಚಾಟ್‌ನಲ್ಲಿ ‘ಅರ್ಜೆಂಟ್’ ಅಂತ ಬರೆಯುವವರು ಫೋನ್ ಮಾಡಬೇಕು ಅಂದಾಗ ನಾಳೆ ನೋಡೋಣ ಅಂತ ಸುಮ್ನಾಗುತ್ತಾರೆ.

ಇದರ ಜೊತೆಗೆ ದಿನದ ಕೊನೆಗೆ ಮೂರು ಸಾಲು ಕಳಿಸಿ. ಇವತ್ತು ಯಾವ ಟೆಸ್ಟ್ ಮುಗಿಯಿತು, ಎಷ್ಟು ದೋಷ ಸಿಕ್ಕಿತು, ಏನು ನಿಂತಿದೆ ಮತ್ತು ಯಾರಿಂದ ನಿಂತಿದೆ. ಅಷ್ಟೇ. ನಿಮ್ಮ ಕೆಲಸದ ಒಂದು ಅನುಕೂಲ ನೋಡಿ, ಟೆಸ್ಟಿಂಗ್ ಅನ್ನು ಎಣಿಸಬಹುದು. ಬಹಳ ಜನರಿಗೆ ಆ ಭಾಗ್ಯ ಇಲ್ಲ. ಕೆಲವು ವಾರ ಬಿಡದೆ ಕಳಿಸಿದರೆ ನಿಮ್ಮ ಮ್ಯಾನೇಜರ್ ತಮ್ಮ ಮೇಲಿನವರಿಗೆ ಹೇಳಲು ನಿಮ್ಮ ಸಾಲುಗಳನ್ನೇ ಎತ್ತಿಕೊಳ್ಳುತ್ತಾರೆ. ಆಮೇಲೆ ದೀಪದ ಮೇಲಿನ ಕಣ್ಣು ತಾನಾಗಿ ಸಡಿಲ ಆಗುತ್ತದೆ. ಸಂಬಳ ಪರಿಷ್ಕರಣೆಯ ಹೊತ್ತಿಗೂ ಈ ಮೂರು ಸಾಲುಗಳು ಕೈಗೆ ಬರುತ್ತವೆ.

ಕಾಯಿಲೆ ಬಂದಾಗ ಬರೆಯುವ ಮೆಸೇಜ್ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ‘ಸ್ವಲ್ಪ ಹುಷಾರಿಲ್ಲ, ಆದ್ರೂ ಆನ್‌ಲೈನ್ ಇರ್ತೀನಿ’ ಅಂತ ಬರೆಯುವುದನ್ನು ಬಿಟ್ಟುಬಿಡಿ. ಅದು ರಜೆಯೂ ಅಲ್ಲ, ಕೆಲಸವೂ ಅಲ್ಲ. ಸಂಬಳದ ರಜೆ ನಿಮ್ಮ ಲೆಕ್ಕದಲ್ಲೇ ಕೊಳೆಯುತ್ತದೆ, ನೀವು ಸುಧಾರಿಸಿಕೊಳ್ಳುವುದೂ ಇಲ್ಲ. ಹೀಗೆ ಬರೆಯಿರಿ: ‘ಡೆಂಗ್ಯೂ ಆಗಿದೆ. ಡಾಕ್ಟರ್ ಐದು ದಿನ ವಿಶ್ರಾಂತಿ ಹೇಳಿದ್ದಾರೆ. ಸೋಮವಾರದವರೆಗೆ ಕಾಯಿಲೆ ರಜೆ ಹಾಕಿದ್ದೇನೆ. ಬಾಕಿ ಕೆಲಸದ ಪಟ್ಟಿ ಈ ಫೈಲ್‌ನಲ್ಲಿದೆ.’ ಕ್ಷಮಿಸಿ ಅನ್ನುವ ಪದ ಬೇಡ. ಕಳಿಸಿದ ಮೇಲೆ ಫೋನ್‌ನಿಂದ ಟೀಮ್ಸ್ ತೆಗೆದುಹಾಕಿ, ಆಮೇಲೆ ಮತ್ತೆ ಹಾಕಿಕೊಳ್ಳಬಹುದು. ಡಾಕ್ಟರ್ ಚೀಟಿಯನ್ನು ಮೊದಲ ದಿನವೇ ಬರೆಸಿಕೊಳ್ಳಿ. ‘ಮಲಗಿಕೊಂಡೇ ನೋಡ್ಕೊಳ್ಳಿ’ ಅಂತ ಮತ್ತೆ ಅಂದರೆ ಒಂದೇ ಉತ್ತರ: ‘ಜ್ವರದಲ್ಲಿ ಟೆಸ್ಟ್ ಮಾಡಿ ಏನಾದರೂ ಬಿಟ್ಟುಹೋದರೆ ಅದು ಗ್ರಾಹಕರ ಕೈಗೆ ಹೋಗುತ್ತದೆ ಸರ್, ಬೇರೆಯವರಿಗೆ ಕೊಡೋಣ.’ ಇದು ನೆಪ ಅಲ್ಲ. ತಲೆ ಸಿಡಿಯುವಾಗ ಮಾಡಿದ ಟೆಸ್ಟ್ ಎಷ್ಟು ಗಟ್ಟಿ ಅಂತ ನಿಮಗೇ ಗೊತ್ತು.

ಅತ್ತೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಕಣ್ಣಿಗೆ ಕಾಣುವುದು ಸೊಸೆ ದಿನವಿಡೀ ಒಂದು ಡಬ್ಬಿಯ ಮುಂದೆ ಕೂತಿರುವುದು ಮಾತ್ರ. ಯಾವಾಗ ಕೆಲಸ, ಯಾವಾಗ ಬಿಡುವು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ವೇಳೆ ಗಟ್ಟಿಯಾದ ಮೇಲೆ ಅವರಿಗೂ ಹೇಳಿ: ‘ಅತ್ತಿ, ಇಷ್ಟೊತ್ತಿನ್ಯಾಗ ನಾ ಆಫೀಸ್ನ್ಯಾಗ ಇದ್ಹಂಗ. ಆರಕ್ಕ ಮುಗಸ್ತೀನಿ, ಆಮ್ಯಾಲೆ ರೊಟ್ಟಿ ನಂದು.’ ಆರಕ್ಕೆ ಮುಗಿಸಿ ಎದ್ದು ತೋರಿಸಿ. ನಿಮ್ಮ ಗಂಡನ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಕಾಲ್ ಇರುವ ಮೂರು ರಾತ್ರಿಯ ಊಟ ಅವರ ಜವಾಬ್ದಾರಿ ಆಗಲಿ. ಇದನ್ನು ಅತ್ತೆಗೆ ನೀವು ಹೇಳುವುದಕ್ಕಿಂತ ಅವರೇ ಹೇಳಿದರೆ ಒಳ್ಳೆಯದು.

ಇದನ್ನು ಮ್ಯಾನೇಜರ್‌ಗಳೂ ಓದುತ್ತಾರೆ ಅಂತ ಗೊತ್ತು. ನಿಮ್ಮ ಟೀಮಿನಲ್ಲಿ ಊರಿನಿಂದ ಕೆಲಸ ಮಾಡುವವರು ಹೋದ ವರ್ಷ ಎಷ್ಟು ಕಾಯಿಲೆ ರಜೆ ಹಾಕಿದ್ದಾರೆ ಅಂತ ಒಮ್ಮೆ ನೋಡಿ. ಸೊನ್ನೆ ಇದ್ದರೆ ಅವರು ಗಟ್ಟಿಮುಟ್ಟಾಗಿದ್ದಾರೆ ಅಂತಲ್ಲ, ನಿಮಗೆ ಹೇಳುತ್ತಿಲ್ಲ ಅಂತ. ನೀವೇ ಜ್ವರದಲ್ಲಿ ಮೇಲ್ ಕಳಿಸುತ್ತಿದ್ದರೆ ಅವರೂ ಕಳಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಮ್ಯಾನೇಜರ್ ಬಗ್ಗದಿದ್ದರೆ? ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೇಳಿ, ಬಾಯಿಮಾತು ಬೇಡ. ಕೆಲಸದ ವೇಳೆ, ರಜೆ ಬಗ್ಗೆ ಲಿಖಿತ ಉತ್ತರ ಕೊಡಿ ಅನ್ನಿ. ರಾತ್ರಿ ಕಾಲ್‌ಗಳ ಮತ್ತು ರಜೆ ನಿರಾಕರಿಸಿದ ಮೆಸೇಜ್‌ಗಳ ದಾಖಲೆ ದಿನಾಂಕ ಸಹಿತ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಇದೆ, ಕೆಐಟಿಯು ಅಂತ. ಕಾರ್ಮಿಕ ಇಲಾಖೆಗೆ ಹೋಗುವ ಮೊದಲು ಅವರ ಜೊತೆ ಮಾತಾಡುವುದು ಒಳ್ಳೆಯದು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಮೆಸೇಜ್‌ಗೆ ಉತ್ತರಿಸದಿರುವುದಕ್ಕೆ ಕಾನೂನಿನ ರಕ್ಷಣೆ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಹಾಗಾಗಿ ಸದ್ಯಕ್ಕೆ ನಿಮ್ಮ ಕೈಯಲ್ಲಿ ಇರುವುದು 1961ರ ಕಾಯ್ದೆ ಮತ್ತು ನಿಮ್ಮ ಮೇಲ್.

ಕೆಲಸ ಬಿಡುವ ಮಾತು ಈಗಲೇ ಬೇಡ. ನೀವು ಇನ್ನೂ ಒಂದು ಸಲವೂ ಬರವಣಿಗೆಯಲ್ಲಿ ಕೇಳಿಲ್ಲ. ಮೂರು ತಿಂಗಳು ಇದನ್ನು ನಡೆಸಿ. ಬದಲಾವಣೆ ಕಾಣದಿದ್ದರೆ ಬೇರೆ ಕೆಲಸ ಕೈಗೆ ಬಂದ ಮೇಲೆ ಬಿಡಿ, ಅದಕ್ಕೂ ಮೊದಲು ಬೇಡ. ಹೊಸ ಕಂಪನಿಯ ಸಂದರ್ಶನದಲ್ಲಿ ‘ಫ್ಲೆಕ್ಸಿಬಲ್ ಟೈಮಿಂಗ್ ಇದೆಯಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಟೀಮಿನವರು ಸಾಮಾನ್ಯವಾಗಿ ಎಷ್ಟು ಗಂಟೆಗೆ ಲಾಗೌಟ್ ಆಗುತ್ತಾರೆ, ರಾತ್ರಿ ಕಾಲ್ ಇದ್ದರೆ ಮರುದಿನ ತಡವಾಗಿ ಶುರು ಮಾಡಬಹುದಾ, ಟೀಮಿನಲ್ಲಿ ಕೊನೆಯದಾಗಿ ಒಬ್ಬರು ಕಾಯಿಲೆ ರಜೆ ಹಾಕಿದಾಗ ಅವರ ಕೆಲಸ ಯಾರು ನೋಡಿಕೊಂಡರು ಅಂತ ಕೇಳಿ. ಮೂರನೆಯ ಪ್ರಶ್ನೆಗೆ ಥಟ್ಟನೆ ಒಂದು ಹೆಸರು ಹೇಳಿದರೆ ಆ ಕಂಪನಿಯ ಜೊತೆ ಮಾತು ಮುಂದುವರಿಸಬಹುದು.